ವೈದ್ಯಕೀಯ ಬರಹದಲ್ಲಿ 'ಟಿ': ಏಕಾಕ್ಷರ ಸಂಕ್ಷೇಪವೊಂದರ ಅರ್ಥವಿಚಾರ

ಪ್ರವೇಶ

ಸಂಕ್ಷೇಪಗಳು ಕನ್ನಡ ಓದುಗರಿಗೆ ಹೊಸವಲ್ಲ. ತ.ರಾ.ಸು., ಅ.ನ.ಕೃ., ಬಿ.ಎಂ.ಶ್ರೀ. ಎಂಬ ಹೆಸರುಗಳನ್ನು ಬಿಡಿಸಿ ಹೇಳಬೇಕಾದ ಅಗತ್ಯ ಸಾಹಿತ್ಯದ ವಿದ್ಯಾರ್ಥಿಗಳ ನಡುವೆ ಉಂಟಾಗುವುದಿಲ್ಲ. 'ಟಿ.ಬಿ.' ಎಂದರೆ ಕ್ಷಯರೋಗವೆಂದು ಅಕ್ಷರ ಬಾರದವರೂ ಬಲ್ಲರು. ಎರಡು ಮೂರು ಅಕ್ಷರಗಳು ಒಟ್ಟಿಗೆ ನಿಂತಾಗ ಒಂದರ ಅರ್ಥವನ್ನು ಇನ್ನೊಂದು ನಿಯಂತ್ರಿಸುತ್ತದೆ. ಅಕ್ಷರವೊಂದು ಒಂಟಿಯಾಗಿ ನಿಂತಾಗ ಈ ಪರಸ್ಪರ ನಿಯಂತ್ರಣ ಇಲ್ಲವಾಗುತ್ತದೆ. ಅಂತಹ ಏಕಾಕ್ಷರ ಸಂಕ್ಷೇಪಗಳು ಅತಿ ಹೆಚ್ಚಾಗಿ ಬಳಕೆಯಾಗುವ ಕ್ಷೇತ್ರಗಳಲ್ಲಿ ವೈದ್ಯಕೀಯವೂ ಒಂದು.

ಥೈರಾಯ್ಡ್ ಗ್ರಂಥಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ರೋಗಿಯ ಕಡತವನ್ನು ಇಲ್ಲಿ ಉದಾಹರಿಸಬಹುದು. ರಕ್ತಪರೀಕ್ಷೆಯ ಹಾಳೆಯಲ್ಲಿ 'ಟಿ3' ಎಂದಿರುತ್ತದೆ. ಅಲ್ಲಿ ಅದು ಆ ಗ್ರಂಥಿಯ ಹಾರ್ಮೋನಿನ ಹೆಸರು. ಕ್ಯಾನ್ಸರಿನ ಹಂತವನ್ನು ನಮೂದಿಸುವ ಹಾಳೆಯಲ್ಲಿಯೂ 'ಟಿ3' ಎಂದಿರಬಹುದು. ಅಲ್ಲಿ ಅದು ಗಡ್ಡೆ ಎಷ್ಟು ಬೆಳೆದಿದೆ ಎಂಬುದರ ಸೂಚನೆ. ತಜ್ಞ ವೈದ್ಯರಿಗೆ ಇವೆರಡೂ ಒಂದೇ ಎಂಬ ಭ್ರಮೆ ಹುಟ್ಟುವುದಿಲ್ಲ. ಆದರೆ ಇದನ್ನು ಕನ್ನಡದಲ್ಲಿ ವಿವರಿಸಬೇಕಾದ ಅನುವಾದಕರು, ಆರೋಗ್ಯ ಲೇಖನಗಳನ್ನು ಬರೆಯುವವರು ಹಾಗೂ ಕೋಶಕಾರರು ಎರಡೂ ಕಡೆ 'ಟಿ3' ಎಂದಷ್ಟೇ ಬರೆದು ಬಿಟ್ಟರೆ ರೋಗಿಗೂ ಅವರ ಮನೆಯವರಿಗೂ ಅರ್ಥದ ದಾರಿ ಮುಚ್ಚಿಹೋಗುತ್ತದೆ.

ಈ ಹಿನ್ನೆಲೆಯಲ್ಲಿ ರೋಮನ್ ವರ್ಣಮಾಲೆಯ ಇಪ್ಪತ್ತನೆಯ ಅಕ್ಷರವಾದ 'ಟಿ' ವೈದ್ಯಕೀಯದಲ್ಲಿ ಪಡೆದಿರುವ ಅರ್ಥಗಳನ್ನು ವಿಂಗಡಿಸಿ, ಅವು ಹುಟ್ಟಿದ ಬಗೆಯನ್ನು ವಿವರಿಸಿ, ಕನ್ನಡ ಲಿಪಿಗೆ ಬಂದಾಗ ಅವುಗಳಿಗೆ ಆಗುವ ಬದಲಾವಣೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 'ಟಿ'ಯ ಅನೇಕಾರ್ಥತೆಯ ಬಹುಪಾಲು ರೋಮನ್ ಲಿಪಿಯ ಸ್ವಭಾವದಿಂದ ಬಂದದ್ದು. ಅದನ್ನು ಪರಿಹರಿಸುವ ಸಾಮಗ್ರಿ ಕನ್ನಡದ ಲಿಪಿಯಲ್ಲಿಯೂ ವ್ಯಾಕರಣದಲ್ಲಿಯೂ ಇದೆ ಎಂಬುದು ಈ ಪರಿಶೀಲನೆಯಿಂದ ಹೊರಡುವ ಮುಖ್ಯ ಅಂಶ.

1. ಏಕಾಕ್ಷರದ ಎರಡು ಪರಂಪರೆಗಳು

ಒಂದಕ್ಷರದಿಂದ ಅರ್ಥವನ್ನು ಹೇಳುವ ಪದ್ಧತಿ ಭಾರತೀಯ ಶಾಸ್ತ್ರಪರಂಪರೆಗೆ ಅಪರಿಚಿತವಲ್ಲ. ಪಾಣಿನಿಯ ವ್ಯಾಕರಣದಲ್ಲಿ ಘು, ಘಿ, ಭ ಮೊದಲಾದ ಒಂದಕ್ಷರದ ಸಂಜ್ಞೆಗಳಿವೆ. 'ಟಿ' ಎಂಬುದೇ ಅಲ್ಲಿ ಒಂದು ಸಂಜ್ಞೆ. ಶಬ್ದವೊಂದರ ಕೊನೆಯ ಸ್ವರವೂ ಅದರ ಮುಂದೆ ವ್ಯಂಜನವಿದ್ದರೆ ಅದೂ ಸೇರಿದ ಭಾಗಕ್ಕೆ 'ಟಿ' ಎಂದು ಹೆಸರು. ಈ ಸಂಜ್ಞೆ ಯಾವ ಪದದ ಸಂಕ್ಷೇಪವೂ ಅಲ್ಲ. ಶಾಸ್ತ್ರಕಾರ ಅದನ್ನು ಒಂದು ಸೂತ್ರದಲ್ಲಿ ವಿಧಿಸಿದ್ದಾನೆ. ಶಾಸ್ತ್ರದ ಉದ್ದಕ್ಕೂ ಅದಕ್ಕೆ ಅದೇ ಅರ್ಥ.

ಇದಕ್ಕೆ ವಿರುದ್ಧವಾದುದು ಏಕಾಕ್ಷರ ಕೋಶಗಳ ಪರಂಪರೆ. ಅಲ್ಲಿ ಒಂದೊಂದು ಅಕ್ಷರಕ್ಕೂ ಹಲವು ಅರ್ಥಗಳು. 'ಕ' ಎಂದರೆ ಬ್ರಹ್ಮ, ವಾಯು, ನೀರು, ತಲೆ, ಸುಖ ಎಂದು ಪಟ್ಟಿ ಬೆಳೆಯುತ್ತದೆ. ಶ್ಲೇಷೆಯನ್ನು ಪ್ರೀತಿಸುವ ಕವಿಗೆ ಇಂತಹ ಕೋಶ ನಿಧಿಯಿದ್ದಂತೆ. ಒಂದು ಅಕ್ಷರದಿಂದ ಎರಡು ಅರ್ಥ ಹೊರಡುವುದು ಕಾವ್ಯದಲ್ಲಿ ಅಲಂಕಾರ.

ವೈದ್ಯಕೀಯದ 'ಟಿ' ಈ ಎರಡು ಪರಂಪರೆಗಳ ನಡುವೆ ನಿಲ್ಲುತ್ತದೆ. ಪ್ರತಿಯೊಂದು ಉಪಶಾಖೆಯೂ ಪಾಣಿನಿಯಂತೆ ಅದಕ್ಕೆ ಒಂದೇ ಅರ್ಥವನ್ನು ವಿಧಿಸಿಕೊಂಡಿದೆ. ಆದರೆ ಎಲ್ಲ ಉಪಶಾಖೆಗಳೂ ಒಬ್ಬನೇ ರೋಗಿಯ ಕಡತದಲ್ಲಿ ಒಂದುಗೂಡಿದಾಗ ಅದು ಏಕಾಕ್ಷರ ಕೋಶದ ನಮೂದಿನಂತೆ ಕಾಣುತ್ತದೆ. ಕಾವ್ಯದಲ್ಲಿ ಅಲಂಕಾರವಾದದ್ದು ಇಲ್ಲಿ ಅಪಾಯವಾಗಬಲ್ಲದು.

2. 'ಟಿ' ಹುಟ್ಟಿದ ಬಗೆಗಳು

ವೈದ್ಯಕೀಯದಲ್ಲಿ ಬಳಕೆಯಾಗುವ 'ಟಿ'ಗಳೆಲ್ಲವೂ ಸಂಕ್ಷೇಪಗಳೆಂದು ತಿಳಿಯುವುದು ರೂಢಿ. ಹುಟ್ಟಿನ ದೃಷ್ಟಿಯಿಂದ ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಅ) ಪದದ ಮೊದಲಕ್ಷರವಾದ 'ಟಿ': ಇದು ಎಲ್ಲಕ್ಕಿಂತ ದೊಡ್ಡ ವರ್ಗ. ಔಷಧಿಯ ಚೀಟಿಯಲ್ಲಿ ಮದ್ದಿನ ಹೆಸರಿನ ಹಿಂದೆ ಬರುವ 'ಟಿ' ಟ್ಯಾಬ್ಲೆಟ್, ಅಂದರೆ ಗುಳಿಗೆ. ಅದೇ ಸಾಲಿನ ಕೊನೆಯಲ್ಲಿ 'ಟಿ.ಡಿ.ಎಸ್.' ಎಂದಿದ್ದರೆ ಅಲ್ಲಿಯ 'ಟಿ' ಮೂರು ಸಲ ಎಂಬ ಅರ್ಥದ ಲ್ಯಾಟಿನ್ ಪದದ್ದು. ದಾದಿಯರು ಬರೆದಿಡುವ ಪಟ್ಟಿಯಲ್ಲಿ 'ಟಿ' ಎಂದರೆ ಟೆಂಪರೇಚರ್, ಮೈಯ ಉಷ್ಣತೆ. ಬೆನ್ನೆಲುಬಿನ ವಿವರಣೆಯಲ್ಲಿ ಅದು ಥೊರಾಸಿಕ್, ಎದೆಯ ಭಾಗಕ್ಕೆ ಸೇರಿದ್ದು. ಅಲ್ಲಿರುವ ಹನ್ನೆರಡು ಕಶೇರುಮಣಿಗಳನ್ನು ಟಿ1ರಿಂದ ಟಿ12ರವರೆಗೆ ಎಣಿಸುತ್ತಾರೆ. ಫ್ರಾನ್ಸಿನ ಪಿಯರ್ ದೆನ್ವಾ 1943ರಿಂದ 1952ರ ಅವಧಿಯಲ್ಲಿ ರೂಪಿಸಿದ ಕ್ಯಾನ್ಸರ್ ವರ್ಗೀಕರಣದ 'ಟಿ.ಎನ್.ಎಂ.' ಕ್ರಮದಲ್ಲಿ 'ಟಿ' ಎಂದರೆ ಟ್ಯೂಮರ್, ಮೂಲ ಗಡ್ಡೆ.

ರೋಗನಿರೋಧಕ ಶಾಸ್ತ್ರದ 'ಟಿ ಕೋಶ'ದ ಹೆಸರಿಗೆ ಒಂದು ಸ್ವಾರಸ್ಯವಿದೆ. ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಗೆ ರೋಗನಿರೋಧಕ ವ್ಯವಸ್ಥೆಯಲ್ಲಿ ಪ್ರಮುಖ ಪಾತ್ರವಿದೆಯೆಂದು ಜಾಕ್ ಮಿಲ್ಲರ್ 1961ರಲ್ಲಿ ತೋರಿಸಿದರು. ಅಲ್ಲಿ ಪಕ್ವವಾಗುವ ಬಿಳಿ ರಕ್ತಕಣಗಳು ಮುಂದೆ 'ಟಿ' ಕೋಶಗಳೆನಿಸಿದವು. ಅದರ ಜೋಡಿಯಾದ 'ಬಿ' ಕೋಶದ 'ಬಿ' ಹಕ್ಕಿಗಳಲ್ಲಿರುವ ಬರ್ಸಾ ಎಂಬ ಅಂಗದಿಂದ ಬಂದದ್ದು. ಮನುಷ್ಯರಲ್ಲಿ ಆ ಅಂಗವಿಲ್ಲ. 'ಬಿ' ಕೋಶಗಳು ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಅದರ ಇಂಗ್ಲಿಷ್ ಹೆಸರಾದ 'ಬೋನ್ ಮ್ಯಾರೋ' ಕೂಡ 'ಬಿ'ಯಿಂದಲೇ ಆರಂಭವಾಗುವುದರಿಂದ ಹೆಸರು ಹಾಗೆಯೇ ಉಳಿಯಿತು, ಅದರ ನಿಷ್ಪತ್ತಿ ಮಾತ್ರ ಹಲವರ ಮನಸ್ಸಿನಲ್ಲಿ ಬದಲಾಯಿತು. ಜನನಿಷ್ಪತ್ತಿಯ ಪ್ರಕ್ರಿಯೆ ಶಾಸ್ತ್ರಭಾಷೆಯಲ್ಲಿಯೂ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಆ) ವ್ಯಕ್ತಿನಾಮದ ಮೊದಲಕ್ಷರವಾದ 'ಟಿ': ಎಂ.ಆರ್.ಐ. ಯಂತ್ರದ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ ಟೆಸ್ಲಾ. ನಿಕೊಲಾ ಟೆಸ್ಲಾ ಅವರ ಹೆಸರಿನ ಈ ಮಾನವನ್ನು 1960ರಲ್ಲಿ ಅಂತರರಾಷ್ಟ್ರೀಯವಾಗಿ ಅಂಗೀಕರಿಸಲಾಯಿತು. ಆಸ್ಪತ್ರೆಗಳ ಫಲಕಗಳಲ್ಲಿ '1.5 ಟಿ', '3 ಟಿ' ಎಂದು ಕಾಣುವುದು ಇದೇ.

ಇ) ಯಾವ ಪದದ ಸಂಕ್ಷೇಪವೂ ಅಲ್ಲದ 'ಟಿ': ಹೃದಯದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಸಿ.ಜಿ. ರೇಖೆಯ ಏರಿಳಿತಗಳನ್ನು ಪಿ, ಕ್ಯೂ, ಆರ್, ಎಸ್, ಟಿ ಎಂದು ಕರೆಯುತ್ತಾರೆ. ಈ ಹೆಸರುಗಳನ್ನು ಕೊಟ್ಟವರು ನೆದರ್‌ಲ್ಯಾಂಡಿನ ವಿಲ್ಲೆಂ ಐಂತೋವೆನ್. ಹಳೆಯ ಉಪಕರಣದಿಂದ ದೊರೆತ ರೇಖೆಗೆ ಎ, ಬಿ, ಸಿ, ಡಿ ಎಂಬ ಗುರುತುಗಳಿದ್ದುದರಿಂದ, ಗಣಿತದ ಮೂಲಕ ತಿದ್ದಿದ ರೇಖೆಗೆ ವರ್ಣಮಾಲೆಯ ಬೇರೊಂದು ಭಾಗದ ಅಕ್ಷರಗಳನ್ನು ಅವರು 1895ರಲ್ಲಿ ಬಳಸಿದರು. ಐಂತೋವೆನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇಲ್ಲಿಯ 'ಟಿ'ಯನ್ನು ಬಿಡಿಸಿ ಹೇಳಲು ಸಾಧ್ಯವಿಲ್ಲ. ಅದು 'ಎಸ್'ನ ನಂತರ ಬರುವ ಅಕ್ಷರ, ಅಷ್ಟೆ. ಪಾಣಿನಿಯ 'ಟಿ'ಗೆ ಸ್ವಭಾವದಲ್ಲಿ ಹತ್ತಿರವಾದುದು ಇದು. ಇದನ್ನು ಸಂಕ್ಷೇಪ ಎನ್ನುವುದಕ್ಕಿಂತ ಗುರುತು ಎನ್ನುವುದು ಯುಕ್ತ.

ಈ ವಿಂಗಡಣೆ ಅನುವಾದಕರಿಗೆ ನೇರವಾಗಿ ಉಪಯುಕ್ತ. ಮೊದಲ ವರ್ಗದ 'ಟಿ'ಯನ್ನು ಬಿಡಿಸಿ ಅನುವಾದಿಸಬಹುದು. ಎರಡನೆಯದನ್ನು ಬಿಡಿಸಬಹುದು, ಅನುವಾದಿಸಲಾಗದು. ಮೂರನೆಯದನ್ನು ಬಿಡಿಸಲೂ ಆಗದು, ಅನುವಾದಿಸಲೂ ಆಗದು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 'ಟಿ' ಎಂದೇ ಉಳಿಸುವುದೂ, ಎಲ್ಲವನ್ನೂ ಕನ್ನಡಿಸಲು ಹೊರಡುವುದೂ ಸಮನಾಗಿ ಅಸಮರ್ಪಕ.

3. ಅಂಕಿಯೊಡನೆ 'ಟಿ'

'ಟಿ'ಯ ಜೊತೆಗೆ ಅಂಕಿ ಸೇರಿದಾಗ ಅರ್ಥ ಖಚಿತವಾಗಬೇಕೆಂಬುದು ಸಹಜ ನಿರೀಕ್ಷೆ. ವಾಸ್ತವದಲ್ಲಿ ಗೊಂದಲ ಹೆಚ್ಚುತ್ತದೆ; ಏಕೆಂದರೆ ಅಂಕಿಯೂ ಎಲ್ಲೆಡೆ ಒಂದೇ ಕೆಲಸವನ್ನು ಮಾಡುವುದಿಲ್ಲ.

ಥೈರಾಯ್ಡ್ ಹಾರ್ಮೋನುಗಳಾದ ಟಿ3 ಮತ್ತು ಟಿ4ರಲ್ಲಿ ಅಂಕಿ ಎಣಿಕೆಯನ್ನು ಹೇಳುತ್ತದೆ. ಎಡ್ವರ್ಡ್ ಕೆಂಡಲ್ 1914ರಲ್ಲಿ ಬೇರ್ಪಡಿಸಿದ ಥೈರಾಕ್ಸಿನ್‌ನ ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ; 1952ರಲ್ಲಿ ಗ್ರಾಸ್ ಮತ್ತು ಪಿಟ್-ರಿವರ್ಸ್ ಗುರುತಿಸಿದ ಇನ್ನೊಂದು ಹಾರ್ಮೋನಿನಲ್ಲಿ ಮೂರಿವೆ. ಕಶೇರುಮಣಿಯ ಟಿ3ರಲ್ಲಿ ಅಂಕಿ ಸ್ಥಾನವನ್ನು ಹೇಳುತ್ತದೆ: ಮೇಲಿನಿಂದ ಮೂರನೆಯದು. ಗಡ್ಡೆಯ ಟಿ3ರಲ್ಲಿ ಅದು ತರತಮವನ್ನು ಹೇಳುತ್ತದೆ: ಟಿ2ಕ್ಕಿಂತ ಮುಂದುವರಿದದ್ದು, ಟಿ4ಕ್ಕಿಂತ ಹಿಂದಿನದು. ಎಂ.ಆರ್.ಐ. ಚಿತ್ರಗಳ ಟಿ1, ಟಿ2 ಎಂಬಲ್ಲಿ 'ಟಿ' ಎಂದರೆ ಟೈಮ್, ಕಾಲ. ಕಾಂತಕ್ಷೇತ್ರದಲ್ಲಿ ಕದಲಿದ ಪರಮಾಣು ಬೀಜಗಳು ಮೊದಲಿನ ಸ್ಥಿತಿಗೆ ಮರಳುವ ಎರಡು ಬಗೆಯ ಕಾಲಾವಧಿಗಳಿಗೆ ಫೆಲಿಕ್ಸ್ ಬ್ಲಾಖ್ 1946ರಲ್ಲಿ ಕೊಟ್ಟ ಗುರುತುಗಳಿವು. ಇಲ್ಲಿ ಅಂಕಿ ಎಣಿಕೆಯನ್ನಾಗಲಿ ತರತಮವನ್ನಾಗಲಿ ಹೇಳುವುದಿಲ್ಲ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ.

ಅಂಕಿ ಹಿಂದೆ ಬಂದರೆ ಅರ್ಥ ಮತ್ತೆ ಬೇರೆ. '3 ಟಿ' ಎಂದರೆ ಮೂರು ಟೆಸ್ಲಾ, ಒಂದು ಪರಿಮಾಣ. 'ಟಿ3' ಎಂದರೆ ಒಂದು ಹೆಸರು. 'ಮೂರು ಮನೆ' ಎಂಬುದಕ್ಕೂ 'ಮನೆ ಮೂರು' ಎಂಬುದಕ್ಕೂ ಕನ್ನಡದಲ್ಲಿರುವ ವ್ಯತ್ಯಾಸವೇ ಇದು.

ಈ ಗೊಂದಲ ಒಂದೇ ಹಾಳೆಯಲ್ಲಿ ಎದುರಾಗುವುದಕ್ಕೆ ಬೆನ್ನೆಲುಬಿನ ಎಂ.ಆರ್.ಐ. ವರದಿಯೇ ಸಾಕ್ಷಿ. ಯಂತ್ರದ ಬಲವಾಗಿ '1.5 ಟಿ', ಚಿತ್ರದ ಬಗೆಯಾಗಿ 'ಟಿ1', ಮಣಿಯ ಹೆಸರಾಗಿ 'ಟಿ1' ಇವು ಮೂರೂ ಅಲ್ಲಿ ಬರಬಹುದು. ಭಾರತದ ಕ್ಷ-ಕಿರಣ ತಜ್ಞರು ಎದೆಯ ಭಾಗದ ಮಣಿಗಳನ್ನು ಹಲವು ವೇಳೆ 'ಟಿ'ಯ ಬದಲು 'ಡಿ' ಎಂದು ನಮೂದಿಸುತ್ತಾರೆ. ಬೆನ್ನಿಗೆ ಸಂಬಂಧಿಸಿದ್ದು ಎಂಬ ಅರ್ಥದ ಡಾರ್ಸಲ್ ಎಂಬ ಪದದ ಮೊದಲಕ್ಷರ ಅದು. ಈ ರೂಢಿಯಿಂದ ಒಂದು ಘರ್ಷಣೆ ತಪ್ಪುತ್ತದೆ. ಆದರೆ ಅದೇ ಹಾಳೆಯಲ್ಲಿ 'ಟಿ12' ಎಂದು ಓದಿ ಬಂದವರಿಗೆ 'ಡಿ12' ಬೇರೊಂದು ಮಣಿಯಂತೆ ತೋರುವ ಅಪಾಯ ಉಳಿದೇ ಇರುತ್ತದೆ.

4. ಅರ್ಥನಿರ್ಣಯದ ಸಾಧನಗಳು

ಇಷ್ಟು ಅರ್ಥಗಳಿದ್ದರೂ ಆಸ್ಪತ್ರೆಯ ವ್ಯವಹಾರ ನಡೆಯುತ್ತಿರುವುದು ಹೇಗೆ? ಭರ್ತೃಹರಿಯಿಂದ ಮೊದಲ್ಗೊಂಡು ಮುಂದಿನ ಆಲಂಕಾರಿಕರವರೆಗೆ ಚರ್ಚಿತವಾದ ಅರ್ಥನಿಯಾಮಕಗಳು ಇಲ್ಲಿ ಚೆನ್ನಾಗಿ ಹೊಂದುತ್ತವೆ. ಊಟಕ್ಕೆ ಕುಳಿತವನು 'ಸೈಂಧವ' ಕೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಕೇಳಿದರೆ ಕುದುರೆ ಎಂಬುದು ಪ್ರಕರಣಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಹೃದ್ರೋಗ ವಿಭಾಗದಲ್ಲಿ 'ಟಿ' ಎಂದರೆ ಅಲೆ, ಕ್ಯಾನ್ಸರ್ ವಿಭಾಗದಲ್ಲಿ ಗಡ್ಡೆ ಎಂಬುದೂ ಪ್ರಕರಣದಿಂದಲೇ ತಿಳಿಯುವ ಅರ್ಥ.

ಎರಡನೆಯದು ಸಾಹಚರ್ಯ. 'ಎನ್' ಮತ್ತು 'ಎಂ' ಜೊತೆಗಿದ್ದರೆ 'ಟಿ' ಗಡ್ಡೆ. 'ಟಿ.ಪಿ.ಆರ್.' ಎಂದಿದ್ದರೆ ಉಷ್ಣತೆ, ನಾಡಿ, ಉಸಿರಾಟಗಳ ಪಟ್ಟಿ. ಪಿ, ಆರ್, ಟಿ ಎಂಬ ಮೂರೂ ಅಕ್ಷರಗಳು ಇ.ಸಿ.ಜಿ.ಯಲ್ಲಿಯೂ ಇವೆ. ಅಂದರೆ ಸಹಚರರು ಅವರೇ ಆದರೂ ಅವರು ನಿಲ್ಲುವ ಅನುಕ್ರಮ ಬದಲಾದರೆ ಅರ್ಥ ಬದಲಾಗುತ್ತದೆ.

ಈ ಸಾಧನಗಳು ಕೆಲಸ ಮಾಡುವುದು ಓದುಗರಿಗೆ ಪ್ರಕರಣ ತಿಳಿದಿದ್ದಾಗ ಮಾತ್ರ. ಕಾಗದ ಒಂದು ವಿಭಾಗದಿಂದ ಇನ್ನೊಂದಕ್ಕೆ, ಆಸ್ಪತ್ರೆಯಿಂದ ಔಷಧಿ ಅಂಗಡಿಗೆ, ಅಲ್ಲಿಂದ ಮನೆಗೆ ಹೋದಂತೆಲ್ಲ ಪ್ರಕರಣ ಕಳಚುತ್ತಾ ಹೋಗುತ್ತದೆ, ಅಕ್ಷರವಷ್ಟೇ ಉಳಿಯುತ್ತದೆ. ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ಬೇರೆ ಏಕಾಕ್ಷರಗಳೂ ನಿದರ್ಶನ. ಇನ್ಸುಲಿನ್‌ನ ಪ್ರಮಾಣವನ್ನು ಬರೆಯುವಾಗ ಯೂನಿಟ್ ಎಂಬುದಕ್ಕೆ 'ಯು' ಎಂದು ಬರೆದರೆ, ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು ಪ್ರಮಾಣ ಹತ್ತುಪಟ್ಟಾಗುವ ಅಪಾಯವಿದೆ. ಅಮೆರಿಕೆಯ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ಜಾರಿಗೆ ತಂದ ನಿಷಿದ್ಧ ಸಂಕ್ಷೇಪಗಳ ಪಟ್ಟಿಯಲ್ಲಿ ಈ 'ಯು' ಸೇರಿದೆ. 'ಕೆ' ಎಂಬುದು ಪೊಟ್ಯಾಸಿಯಂನ ರಾಸಾಯನಿಕ ಚಿಹ್ನೆ, ಕಾಲಿಯಂ ಎಂಬ ಪದದಿಂದ ಬಂದದ್ದು. ರಕ್ತ ಹೆಪ್ಪುಗಟ್ಟಲು ಬೇಕಾದ ಜೀವಸತ್ವವೊಂದರ ಹೆಸರೂ 'ಕೆ'. ಡೆನ್ಮಾರ್ಕಿನ ಹೆನ್ರಿಕ್ ಡಾಮ್ 1935ರಲ್ಲಿ ಹೆಪ್ಪುಗಟ್ಟುವಿಕೆ ಎಂಬ ಅರ್ಥದ ಪದದ ಮೊದಲಕ್ಷರವನ್ನು ಅದಕ್ಕೆ ಕೊಟ್ಟರು. ಈ ಎರಡರಲ್ಲಿ ಮೊದಲನೆಯದನ್ನು ರಕ್ತನಾಳಕ್ಕೆ ವೇಗವಾಗಿ ಕೊಟ್ಟರೆ ಹೃದಯವೇ ನಿಲ್ಲಬಹುದು.

5. ಕನ್ನಡ ಲಿಪಿಯಲ್ಲಿ 'ಟಿ'

ರೋಮನ್ ಲಿಪಿಯ ಈ ಅಕ್ಷರ ಕನ್ನಡಕ್ಕೆ ಬಂದಾಗ ಮೂರು ಬದಲಾವಣೆಗಳಾಗುತ್ತವೆ.

ಮೊದಲನೆಯದಾಗಿ, ಕನ್ನಡಕ್ಕೆ ಬರುವುದು ಅಕ್ಷರವಲ್ಲ, ಅಕ್ಷರದ ಹೆಸರು. ರೋಮನ್‌ನಲ್ಲಿ ಅದು ಒಂದು ವ್ಯಂಜನದ ಚಿಹ್ನೆ. ಕನ್ನಡದಲ್ಲಿ ಟ್ ಎಂಬ ವ್ಯಂಜನಕ್ಕೆ ಇಕಾರ ಸೇರಿದ ಗುಣಿತಾಕ್ಷರ. ಈ ಇಕಾರಕ್ಕೂ ಮೂಲಪದಕ್ಕೂ ಸಂಬಂಧವಿಲ್ಲ. ಥೈಮಸ್, ಟ್ಯೂಮರ್, ಟೆಸ್ಲಾ ಎಂಬ ಯಾವ ಪದದಲ್ಲಿಯೂ 'ಟಿ' ಎಂಬ ಧ್ವನಿಯೇ ಇಲ್ಲ. ಹೀಗಾಗಿ ಕನ್ನಡವೊಂದನ್ನೇ ಬಲ್ಲ ಓದುಗರಿಗೆ ಸಂಕ್ಷೇಪದಿಂದ ಪದವನ್ನು ಊಹಿಸುವ ಮಾರ್ಗವೇ ಇಲ್ಲದಂತಾಗುತ್ತದೆ.

ಎರಡನೆಯದಾಗಿ, ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳ ಭೇದ ಅಳಿದುಹೋಗುತ್ತದೆ. ಇಂಗ್ಲಿಷಿನ ಅಳತೆಯ ರೂಢಿಯಲ್ಲಿ ದೊಡ್ಡ 'ಟಿ' ಎಂದರೆ ದೊಡ್ಡ ಚಮಚ, ಸುಮಾರು 15 ಮಿ.ಲೀ.; ಚಿಕ್ಕ 'ಟಿ' ಎಂದರೆ ಸಣ್ಣ ಚಮಚ, ಸುಮಾರು 5 ಮಿ.ಲೀ. ಕನ್ನಡದಲ್ಲಿ ಎರಡೂ 'ಟಿ'. ಮಗುವಿಗೆ ಕುಡಿಸುವ ಔಷಧಿಯ ವಿಷಯದಲ್ಲಿ ಇದು ಮೂರುಪಟ್ಟಿನ ವ್ಯತ್ಯಾಸ. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತದ ವೈದ್ಯಕೀಯ ನೀತಿಸಂಹಿತೆಗೆ 2016ರಲ್ಲಿ ತಿದ್ದುಪಡಿ ತರಲಾಯಿತು. ಇದು ಸ್ವಾಗತಾರ್ಹ. ಆದರೆ ಇಡೀ ಚೀಟಿಯನ್ನೇ ದೊಡ್ಡಕ್ಷರಗಳಲ್ಲಿ ಬರೆದರೆ ಇಂಗ್ಲಿಷಿನಲ್ಲಿಯೂ ಈ ಭೇದ ಉಳಿಯದು.

ಮೂರನೆಯದಾಗಿ, ಸಂಕ್ಷೇಪವು ಸಾಮಾನ್ಯ ಪದದಂತೆ ಕಾಣತೊಡಗುತ್ತದೆ. 2023ರಲ್ಲಿ ಭಾರತದಲ್ಲಿಯೇ ರೂಪುಗೊಂಡ ಚಿಕಿತ್ಸೆಗೆ ಅನುಮತಿ ದೊರೆತ ಮೇಲೆ ಹೆಚ್ಚು ಪರಿಚಿತವಾದ 'ಕಾರ್-ಟಿ' ಎಂಬುದು ಇದಕ್ಕೆ ಉದಾಹರಣೆ. ಅಲ್ಲಿಯ 'ಕಾರ್' ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಜೋಡಣೆ. ಕನ್ನಡ ಲಿಪಿಯಲ್ಲಿ ಅದು ವಾಹನವಾಗಿಯೂ, ಹಳಗನ್ನಡ ಬಲ್ಲವರಿಗೆ ಮಳೆಗಾಲವಾಗಿಯೂ ತೋರುತ್ತದೆ.

ಇದು ನಷ್ಟದ ಲೆಕ್ಕ. ಲಾಭದ ಕಡೆಯನ್ನೂ ಗಮನಿಸಬೇಕು. ಕನ್ನಡದ ಸ್ವಂತ ಸಂಕ್ಷೇಪ ಪದ್ಧತಿ ಗುಣಿತಾಕ್ಷರವನ್ನು ಆಧರಿಸಿದ್ದು. ಬಿ.ಎಂ.ಶ್ರೀ. ಎಂಬ ಒಂದೇ ಹೆಸರಿನಲ್ಲಿ ಎರಡೂ ಪದ್ಧತಿಗಳಿವೆ: ಬಿ., ಎಂ. ಎಂಬವು ಇಂಗ್ಲಿಷ್ ಅಕ್ಷರಗಳ ಹೆಸರುಗಳು. ಶ್ರೀ ಎಂಬುದು ಮೂಲ ಹೆಸರಿನ ಮೊದಲ ಅಕ್ಷರವೇ. ಕನ್ನಡದ ಪದ್ಧತಿಯಲ್ಲಿ ಒತ್ತಕ್ಷರವೂ ಸ್ವರವೂ ಉಳಿಯುವುದರಿಂದ ಅದು ಹೆಚ್ಚು ಮಾಹಿತಿಯನ್ನು ಹೊರುತ್ತದೆ. ಮಿಲಿಮೀಟರನ್ನು ರೋಮನ್‌ನಲ್ಲಿ ಬರೆಯುವಾಗ ಒಂದೇ ಅಕ್ಷರ ಎರಡು ಸಲ ಬಂದು ಎರಡು ಅರ್ಥ ಕೊಡಬೇಕು, ಕನ್ನಡದ 'ಮಿ.ಮೀ.' ಎಂಬಲ್ಲಿ ಹ್ರಸ್ವ ದೀರ್ಘಗಳೇ ಆ ಭೇದವನ್ನು ಕಾಣಿಸುತ್ತವೆ.

ಇದೇ ಕ್ರಮವನ್ನು 'ಟಿ'ಗೆ ಅನ್ವಯಿಸಿದರೆ ದೊರೆಯುವ ಫಲಿತಾಂಶ ಗಮನಾರ್ಹ. ಟ್ಯಾಬ್ಲೆಟ್, ಟೆಂಪರೇಚರ್, ಟ್ಯೂಮರ್, ಟೆಸ್ಲಾ, ಟೈಮ್, ಥೊರಾಸಿಕ್, ಥೈಮಸ್ ಎಂಬ ಏಳು ಪದಗಳು ರೋಮನ್‌ನಲ್ಲಿ ಒಂದೇ ಅಕ್ಷರಕ್ಕೆ ಇಳಿಯುತ್ತವೆ. ಕನ್ನಡದಲ್ಲಿ ಅವು ಟ್ಯಾ, ಟೆಂ, ಟ್ಯೂ, ಟೆ, ಟೈ, ಥೊ, ಥೈ ಎಂದು ಏಳಾಗಿಯೇ ಉಳಿಯುತ್ತವೆ. ಹಾಗೆಂದು ಕನ್ನಡ ಪದ್ಧತಿ ಸಂಪೂರ್ಣ ನಿರ್ದೋಷವೆನ್ನಲಾಗದು. ಥೈಮಸ್ ಮತ್ತು ಥೈರಾಯ್ಡ್ ಎರಡೂ 'ಥೈ' ಆಗುತ್ತವೆ. ಸಂಶೋಧನ ಲೇಖನಗಳ ಅಡಿಟಿಪ್ಪಣಿಗಳಲ್ಲಿ 'ಸಂ.' ಎಂಬುದು ಸಂಪಾದಕರು, ಸಂಪುಟ, ಸಂಚಿಕೆ, ಸಂಸ್ಕೃತ ಎಂಬ ನಾಲ್ಕನ್ನೂ ಸೂಚಿಸುವುದು ಎಲ್ಲರಿಗೂ ಪರಿಚಿತ. ಗುಣಿತಾಕ್ಷರದಿಂದ ಅನೇಕಾರ್ಥತೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

6. ಬರಹಗಾರರಿಗೂ ಕೋಶಕಾರರಿಗೂ ಕೆಲವು ಸೂಚನೆಗಳು

ಇಷ್ಟರಿಂದ 'ಟ್ಯೂ3', 'ಥೊ12' ಎಂಬ ಹೊಸ ಸಂಕ್ಷೇಪಗಳನ್ನು ಚಲಾವಣೆಗೆ ತರಬೇಕೆಂದು ಹೇಳಿದಂತಾಗುವುದಿಲ್ಲ. ರೋಗಿಯ ಕೈಯಲ್ಲಿರುವ ವರದಿ ಇಂಗ್ಲಿಷಿನಲ್ಲಿಯೇ ಇರುತ್ತದೆ. ಕನ್ನಡದ ವಿವರಣೆಯನ್ನು ಆ ವರದಿಯೊಡನೆ ಹೊಂದಿಸಿ ನೋಡಲು ಸಾಧ್ಯವಾಗಬೇಕು. ಆದುದರಿಂದ 'ಟಿ'ಯನ್ನು ಉಳಿಸಿಕೊಂಡೇ ಅದರ ಅರ್ಥವನ್ನು ಕಟ್ಟುವ ಕ್ರಮಗಳು ಹೆಚ್ಚು ಪ್ರಾಯೋಗಿಕ.

ಒಂದು, ಕನ್ನಡ ಬರಹದಲ್ಲಿ 'ಟಿ' ಒಂಟಿಯಾಗಿ ನಿಲ್ಲಬಾರದು. ಟಿ ಕೋಶ, ಟಿ ಅಲೆ, ಟಿ3 ಹಾರ್ಮೋನು, ಟಿ3 ಹಂತದ ಗಡ್ಡೆ ಎಂದು ಸಹಪದ ಸದಾ ಜೊತೆಗಿರಬೇಕು. ಪ್ರಕರಣ ತಿಳಿಯದ ಓದುಗರಿಗೆ ಸಾಹಚರ್ಯವನ್ನು ಬರಹವೇ ಒದಗಿಸಬೇಕಾಗುತ್ತದೆ.

ಎರಡು, ಅಂಕಿಯ ಕೆಲಸವನ್ನು ಕನ್ನಡದ ಪ್ರತ್ಯಯಗಳಿಂದ ಸ್ಪಷ್ಟಪಡಿಸಬೇಕು. ಸಂಖ್ಯಾವಾಚಕ ಮತ್ತು ಸಂಖ್ಯೇಯವಾಚಕಗಳ ಭೇದ ಕನ್ನಡ ವ್ಯಾಕರಣದಲ್ಲಿ ಖಚಿತವಾಗಿದೆ. 'ಎದೆಭಾಗದ ಮೂರನೆಯ ಕಶೇರುಮಣಿ (ಟಿ3)', 'ಮೂರು ಅಯೋಡಿನ್ ಪರಮಾಣುಗಳಿರುವ ಹಾರ್ಮೋನು (ಟಿ3)' ಎಂದು ಮೊದಲ ಸಲ ಬರೆದರೆ, ಮುಂದೆ ಚಿಕ್ಕ ರೂಪವನ್ನು ಬಳಸಲು ಅಡ್ಡಿಯಿಲ್ಲ.

ಮೂರು, ಔಷಧಿಯ ಪ್ರಮಾಣದ ವಿಷಯದಲ್ಲಿ ಸಂಕ್ಷೇಪವನ್ನೇ ಬಿಡುವುದು ಒಳ್ಳೆಯದು. ಗುಳಿಗೆ ಎಂಬ ಪದವಿರುವಾಗ 'ಟಿ' ಬೇಕಿಲ್ಲ. ಮಾತ್ರೆ ಎಂಬುದು ಛಂದಸ್ಸಿನಲ್ಲಿ ಕಾಲಮಾನವೂ ಹೌದು, ಔಷಧಿಯೂ ಹೌದು. ಆದರೆ ಈ ಎರಡು ಪ್ರಕರಣಗಳು ಒಂದೇ ಹಾಳೆಯಲ್ಲಿ ಸೇರುವ ಸಂಭವವಿಲ್ಲ. ಚಮಚದ ಬದಲು ಮಿ.ಲೀ. ಲೆಕ್ಕವನ್ನೇ ಕೊಡುವುದು ಕ್ಷೇಮ.

ನಾಲ್ಕು, ಕನ್ನಡದ ವೈದ್ಯಕೀಯ ಕೋಶಗಳಲ್ಲಿ ಏಕಾಕ್ಷರಗಳಿಗೆ ಪ್ರತ್ಯೇಕ ನಮೂದುಗಳಿರಬೇಕು. ಪ್ರತಿ ಅರ್ಥದ ಜೊತೆಗೆ ಅದು ಪದದ ಸಂಕ್ಷೇಪವೇ, ವ್ಯಕ್ತಿನಾಮವೇ, ಬರಿಯ ಗುರುತೇ ಎಂಬುದನ್ನೂ, ಬಳಕೆಯ ಉಪಶಾಖೆಯನ್ನೂ, ನಿತ್ಯ ಸಹಪದವನ್ನೂ ಕೊಡಬೇಕು. ಅರ್ಥಗಳ ಪಟ್ಟಿಯನ್ನಷ್ಟೇ ಕೊಟ್ಟರೆ ಅದು ಏಕಾಕ್ಷರ ಕೋಶವಾದೀತೇ ಹೊರತು ಓದುಗರಿಗೆ ನೆರವಾಗದು.

ಸಮಾರೋಪ

ಮಂಗರಾಜನ 'ಖಗೇಂದ್ರಮಣಿದರ್ಪಣ'ದಂತಹ ಕೃತಿಯನ್ನು ಪಡೆದ ಕನ್ನಡಕ್ಕೆ ವೈದ್ಯವನ್ನು ತನ್ನ ಮಾತಿನಲ್ಲಿ ಹೇಳುವ ಕೆಲಸ ಹೊಸದಲ್ಲ. ಆಧುನಿಕ ಕಾಲದಲ್ಲಿ ಅನುಪಮಾ ನಿರಂಜನರಂತಹ ವೈದ್ಯ ಲೇಖಕರು ಆ ಕೆಲಸವನ್ನು ಮನೆಮನೆಗೂ ತಲುಪಿಸಿದರು. ಪಾರಿಭಾಷಿಕ ಪದಗಳ ಚರ್ಚೆ ಕನ್ನಡದಲ್ಲಿ ಸಾಕಷ್ಟು ನಡೆದಿದೆ. ಪದಕ್ಕಿಂತ ಚಿಕ್ಕದಾದ ಸಂಕ್ಷೇಪಾಕ್ಷರ ಮಾತ್ರ ಅನುವಾದದ ಅಗತ್ಯವಿಲ್ಲದ್ದೆಂಬ ಭಾವನೆಯಿಂದ ಚರ್ಚೆಯ ಹೊರಗುಳಿಯುತ್ತದೆ.

'ಟಿ'ಯ ಪರಿಶೀಲನೆ ಈ ಭಾವನೆ ಸರಿಯಲ್ಲವೆಂದು ತೋರಿಸುತ್ತದೆ. ಲಿಪ್ಯಂತರವೂ ಒಂದು ಬಗೆಯ ಅನುವಾದವೇ. ಅದರಲ್ಲಿಯೂ ಕಳೆದುಕೊಳ್ಳುವುದಿದೆ, ಗಳಿಸುವುದಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಕಳೆಯುತ್ತದೆ. ಗುಣಿತಾಕ್ಷರ, ಪ್ರತ್ಯಯ, ಸಹಪದಗಳ ಮೂಲಕ ಅದಕ್ಕಿಂತ ಸೂಕ್ಷ್ಮವಾದ ಭೇದಗಳನ್ನು ಕಾಣಿಸುವ ಅವಕಾಶ ತೆರೆಯುತ್ತದೆ. ಆ ಅವಕಾಶವನ್ನು ಬಳಸಿಕೊಂಡರೆ, ಎರಡು 'ಟಿ3'ಗಳಿರುವ ಕಡತವನ್ನು ಹಿಡಿದ ರೋಗಿಗೆ ತನ್ನ ಹಾರ್ಮೋನು ಯಾವುದು, ತನ್ನ ಗಡ್ಡೆ ಯಾವ ಹಂತದ್ದು ಎಂದು ತನ್ನ ಭಾಷೆಯಲ್ಲಿಯೇ ತಿಳಿಯುವುದು ಸಾಧ್ಯವಾಗುತ್ತದೆ.